ಮಾವನ ಟ್ರಂಪೆಟ್ಟೂ ಮುಂದಿನ ಹಲ್ಲೂ

ನಮ್ಮ ಸೋದರಮಾವ ಮೂವತ್ತೈದು ವರ್ಷ ಟ್ರಂಪೆಟ್ ಊದಿದರು. ಅಷ್ಟು ವರ್ಷಗಳಲ್ಲಿ ಅವರು ಊದುತ್ತಿರುವುದು ಯಾವ ಹಾಡು ಎಂದು ಒಬ್ಬರಿಗೂ ಗುರುತು ಸಿಕ್ಕಲಿಲ್ಲ. ಇದು ನಾನು ಹೊರಿಸುತ್ತಿರುವ ಆರೋಪವಲ್ಲ, ಅವರೇ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಸಾಧನೆ! "ನಾಳೆ ಬೆಳಗ್ಗೆ ಹಾಲಿನೋನು ಗುನುಗೋ ಹಾಗಿದ್ರೆ ಅದನ್ನ ನಾನ್ಯಾಕೆ ನುಡಿಸ್ಬೇಕು? ಹಾಲಿನೋನೇ ನುಡಿಸ್ಲಿ" ಎನ್ನುತ್ತಿದ್ದರು. ಪಾಪ, ಕಗ್ಗದಾಸಪುರದ ಆ ಹಾಲಿನವನು ಇವರ ಮನೆ ಮುಂದೆ ಪ್ಯಾಕೆಟ್ ಇಟ್ಟು ಓಡಿಯೇ ಹೋಗುತ್ತಿದ್ದ. ಗುನುಗುವುದಕ್ಕೆ ಅವನು ನಿಂತರೆ ತಾನೇ!

ಮಾವ ಊದುತ್ತಿದ್ದದ್ದು ಜಾಝ್. ಅದರಲ್ಲೂ ಆಧುನಿಕ ಜಾಝ್. ಹಳೆಯ ಜಾಝಿಗೆ ಜನ ಕುಣಿಯುತ್ತಿದ್ದರಂತೆ, ಆಧುನಿಕ ಜಾಝಿಗೆ ಕುಣಿದರೆ ಕಾಲು ಉಳುಕುತ್ತದೆ. ಎರಡಕ್ಕೂ ನನಗೆ ತಿಳಿದಿರುವ ವ್ಯತ್ಯಾಸ ಇಷ್ಟೇ.

ಇಂಥ ಸಂಗೀತ ನಮ್ಮ ಮನೆತನಕ್ಕೆ ಹೇಗೆ ನುಗ್ಗಿತು ಎಂದು ನೀವು ಕೇಳಬಹುದು. ಮಾವ ಒಂದು ಕಾರ್ಖಾನೆಯಲ್ಲಿ ಲೇತ್ ಆಪರೇಟರ್ ಆಗಿದ್ದರು. ಕಾರ್ಖಾನೆಯ ಬ್ಯಾಂಡಿಗೆ ಸೇರಿದವರನ್ನು ಶಿಫ್ಟಿನಿಂದ ಒಂದು ಗಂಟೆ ಮುಂಚೆ ಬಿಡುತ್ತಾರೆ ಎಂಬ ಸುದ್ದಿ ಕೇಳಿದ ದಿನವೇ ಅವರಲ್ಲಿ ಸಂಗೀತ ಪ್ರೇಮ ಉಕ್ಕಿತು. ಅಷ್ಟು ಹೊತ್ತಿಗೆ ಡ್ರಮ್ಮು, ಕೊಳಲು ಎಲ್ಲ ಖಾಲಿಯಾಗಿ ಟ್ರಂಪೆಟ್ ಒಂದೇ ಉಳಿದಿತ್ತು. ಕೆಲವು ವರ್ಷ ಎಲ್ಲ ಸರಿಯಾಗೇ ನಡೆಯಿತು. ಆಮೇಲೆ ಹೊಸ ಯಂತ್ರ ಜೋಡಿಸಲು ಬಂದ ವಿದೇಶಿ ಎಂಜಿನಿಯರೊಬ್ಬ ವಾಪಸು ಹೋಗುವಾಗ ಮಾವನ ಕೈಗೆ ಒಂದು ಕ್ಯಾಸೆಟ್ ಕೊಟ್ಟು ಹೋದ. ಮಾವ ಅದನ್ನು ಕೇಳಿದರು, ಕೆಟ್ಟರು. ಮುಂದಿನ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಇಡೀ ಬ್ಯಾಂಡು ಎಡ, ಬಲ, ಎಡ, ಬಲ ಎಂದು ಹೋಗುತ್ತಿದ್ದಾಗ ಇವರು ನಡುವೆ ಅರ್ಧ ಹೆಜ್ಜೆ ಸೇರಿಸಿ ಊದಿಬಿಟ್ಟರು! ಮುಂದೆ ನಡೆಯುತ್ತಿದ್ದ ಸೆಕ್ಯುರಿಟಿ ಆಫೀಸರು ಎಡವಟ್ಟಾಗಿ, ಯಾವ ಕಾಲು ಮುಂದಿಡಬೇಕೆಂದು ತಿಳಿಯದೆ, ಎರಡನ್ನೂ ಒಟ್ಟಿಗೆ ಇಟ್ಟು ಜಿಗಿದರಂತೆ. ಅತ್ತೆ ಇವತ್ತಿಗೂ ಆ ಎಂಜಿನಿಯರನ್ನು ಕ್ಷಮಿಸಿಲ್ಲ.

ಮಾವನ ಮುಂದೆ ಯಾರೂ ತಾಳ ಹಾಕುವಂತಿರಲಿಲ್ಲ. ಹಾಕಿದರೆ ಅವಮಾನ! ಒಮ್ಮೆ ಕೆ.ಆರ್. ಪುರದ ನಮ್ಮ ಮನೆಗೆ ಬಂದವರು ಊಟವಾದ ಮೇಲೆ ಊದತೊಡಗಿದರು. ನನ್ನ ಅಮ್ಮ, ಅಂದರೆ ಅವರ ಅಕ್ಕ, ತಮ್ಮನ ಮನಸ್ಸಿಗೆ ಸಂತೋಷವಾಗಲಿ ಎಂದು ಸೌಟಿನಿಂದ ಪಾತ್ರೆಯ ಮೇಲೆ ಟಕಟಕ ತಾಳ ಹಾಕಿದರು. ಮಾವ ಟ್ರಂಪೆಟ್ ಕೆಳಗಿಳಿಸಿ, ಮುಖ ಸಣ್ಣದು ಮಾಡಿಕೊಂಡು ಹೇಳಿದರು: "ಅಕ್ಕಾ, ನಿಂಗೇ ತಾಳ ಸಿಕ್ಬಿಡ್ತು ಅಂದ್ರೆ ನಾನೆಲ್ಲೋ ತಪ್ಪು ಮಾಡ್ತಿದೀನಿ."

ನಿವೃತ್ತರಾದ ಮೇಲೆ ಮಾವ ಒಂದು ತಂಡವನ್ನೇ ಕಟ್ಟಿದರು. ಮಾವನನ್ನೂ ಸೇರಿ ನಾಲ್ಕು ಜನ. ಡ್ರಮ್ಸಿಗೆ ಹಲಸೂರಿನ ಸೆಲ್ವ, ಹಗಲು ಹೊತ್ತು ಎಲೆಕ್ಟ್ರಿಷಿಯನ್. ಬೇಸ್ ಗಿಟಾರಿಗೆ ರಿಯಾಜ್, ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ. ಪಿಯಾನೊಗೆ ಪ್ರಿಸಿಲ್ಲಾ, ಕಾಕ್ಸ್ ಟೌನಿನ ಹುಡುಗಿ, ಇಪ್ಪತ್ತಾರು ವರ್ಷ. ಮಕ್ಕಳಿಗೆ ಪಿಯಾನೊ ಪಾಠ ಹೇಳಿಕೊಡುತ್ತಾಳೆ. ಅವಳ ಅಜ್ಜಿಯ ಮನೆಯ ಮುಂದಿನ ಕೋಣೆಯಲ್ಲಿ ಪಿಯಾನೊ ಇದ್ದದ್ದರಿಂದ ಭಾನುವಾರದ ಅಭ್ಯಾಸವೂ ಅಲ್ಲೇ. ಇವರು ನುಡಿಸುತ್ತಿದ್ದ ತಾಳಗಳು ಐದೂಕಾಲು, ಏಳೂವರೆ, ಹೀಗೆ. ಆದ್ದರಿಂದ ಮಾವ ತಂಡಕ್ಕೆ 'ಅಪೂರ್ಣಾಂಕ' ಎಂದು ಹೆಸರಿಟ್ಟರು. ಇಂದಿರಾನಗರದ ಒಂದು ಕೆಫೆಯಲ್ಲಿ ಮೊದಲ ಕಾರ್ಯಕ್ರಮ. ಬೋರ್ಡು ಬರೆದವರಿಗೆ ಈ ಹೆಸರು ಏನೆಂದು ತಿಳಿಯಲಿಲ್ಲವೋ ಏನೋ, ದೊಡ್ಡದಾಗಿ 'ಇಂದು ಸಂಜೆ ಅನ್ನಪೂರ್ಣಾ' ಎಂದು ಬರೆದು ನಿಲ್ಲಿಸಿದ್ದರು. ಬಂದ ಹನ್ನೊಂದು ಜನರಲ್ಲಿ ಆರು ಜನ ನಾವು, ನೆಂಟರು. ಮೂವರು ಕಾಫಿಗೆ ಬಂದವರು. ಉಳಿದ ಇಬ್ಬರು ಬಾಗಿಲಲ್ಲೇ ನಿಂತು, "ಊಟ ಎಷ್ಟೊತ್ತಿಗೆ ಶುರು?" ಎಂದು ಕೇಳಿ, ಏಳೂವರೆ ತಾಳದ ಮೊದಲ ಸುತ್ತು ಮುಗಿಯುವ ಮುನ್ನ ಇಳಿದು ಹೋದರು.

ಆದರೂ ಒಂದು ಮಾತು ಹೇಳಬೇಕು. ಆ ನಾಲ್ವರೂ ನುಡಿಸುವಾಗ ಒಬ್ಬರನ್ನೊಬ್ಬರು ನೋಡಿಕೊಳ್ಳುವ ರೀತಿಯೇ ಬೇರೆ. ನನಗೆ ಸಂಗೀತ ಅರ್ಥವಾಗುತ್ತಿರಲಿಲ್ಲ, ಆ ನೋಟ ಅರ್ಥವಾಗುತ್ತಿತ್ತು. ಭಾನುವಾರದ ಬಟ್ಟೆ ಒಗೆಯುವ ಕೆಲಸ ಬಿಟ್ಟು ನಾನು ಕಾಕ್ಸ್ ಟೌನಿಗೆ ಹೋಗಿ ಕೂರುತ್ತಿದ್ದದ್ದು ಅದಕ್ಕೇ. ಮತ್ತೆ ಪ್ರಿಸಿಲ್ಲಾಳ ಅಜ್ಜಿ ಕೊಡುತ್ತಿದ್ದ ಕೇಕಿಗೂ, ಸುಳ್ಳೇಕೆ!

ಹೀಗಿರುವಾಗ ಮಾವನ ಹಲ್ಲು ಮುರಿಯಿತು.

ಮುರಿದದ್ದು ಅತ್ತೆಯ ಕೋಡುಬಳೆಗೆ. ಅತ್ತೆಯ ಕೋಡುಬಳೆ ಗಟ್ಟಿ ಎಂಬುದು ನಮ್ಮ ನೆಂಟರಲ್ಲೆಲ್ಲ ಪ್ರಸಿದ್ಧ. ಮಾವ ಅದನ್ನು ಕಿವಿಯ ಹತ್ತಿರ ಹಿಡಿದು, ಉಗುರಿನಿಂದ ತಟ್ಟಿ, "ಶ್ರುತಿ ಸರಿಯಾಗಿದೆ" ಎಂದು ಹೇಳಿಯೇ ಬಾಯಿಗೆ ಹಾಕುತ್ತಿದ್ದರು. ಆ ದಿನವೂ ಹಾಗೇ ಹಾಕಿಕೊಂಡರು. ಕಟ್ ಎಂದಿತು. ಎಲ್ಲರೂ ಕೋಡುಬಳೆಯೇ ಮುರಿಯಿತು ಅಂದುಕೊಂಡರು. ಮಾವ ಅಂಗೈ ಬಿಡಿಸಿದಾಗ ಅದರಲ್ಲಿ ಇಡೀ ಕೋಡುಬಳೆ ಇತ್ತು, ಪಕ್ಕದಲ್ಲಿ ಮೇಲಿನ ಸಾಲಿನ ಮುಂದಿನ ಹಲ್ಲು!

ಬೇರೆಯವರಿಗಾದರೆ ಒಂದು ಹಲ್ಲು ಒಂದು ಹಲ್ಲು ಅಷ್ಟೇ. ಟ್ರಂಪೆಟ್ ಊದುವವರಿಗೆ ಹಾಗಲ್ಲ. ತುಟಿಯ ಹಿಂದೆ ಗೋಡೆಯ ಹಾಗೆ ನಿಂತು, ಗಾಳಿಗೂ ತುಟಿಗೂ ಆಸರೆ ಕೊಡುವುದೇ ಮುಂದಿನ ಹಲ್ಲು. ಅದು ಹೋದರೆ ಮೇಲಿನ ಸ್ವರಗಳೆಲ್ಲ ಹೋದ ಹಾಗೆ. ಮಾವನ ಆಧುನಿಕತೆಯೆಲ್ಲ ಇದ್ದದ್ದು ಆ ಮೇಲಿನ ಸ್ವರಗಳಲ್ಲೇ.

ಹಲ್ಲಿನ ಡಾಕ್ಟರು, "ಕೋಡುಬಳೆ ಒಂದು ನೆಪ ಅಷ್ಟೇ ಅಂಕಲ್, ಶುಗರಿಂದ ವಸಡು ಪೂರ್ತಿ ಸಡಿಲ ಆಗಿದೆ" ಎಂದರು. ಅತ್ತೆ ಆ ಮಾತು ನಂಬಲಿಲ್ಲ. ಕೋಡುಬಳೆಯ ಡಬ್ಬವನ್ನು ತೊಳೆದು ಅಟ್ಟಕ್ಕೆ ಹಾಕಿಬಿಟ್ಟರು. ಮಾವನೋ, ಹಲ್ಲಿನ ಬಗ್ಗೆ ಯಾರು ಕೇಳಿದರೂ "ಬಚ್ಚಲಲ್ಲಿ ಜಾರಿ ಬಿದ್ದೆ" ಎನ್ನುತ್ತಿದ್ದರು. ಎದುರಿಗೇ ಕುಳಿತು ಕಣ್ಣಾರೆ ನೋಡಿದ್ದ ನನ್ನ ಅಮ್ಮನಿಗೂ ಅದನ್ನೇ ಹೇಳಿದರು. ಕೊನೆಗೆ ಅತ್ತೆಗೂ ಅದನ್ನೇ ಹೇಳಹೊರಟಾಗ ಅತ್ತೆ ಅಳುತ್ತಲೇ ನಕ್ಕುಬಿಟ್ಟರು.

ಡಾಕ್ಟರು ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವಂಥ ಹಲ್ಲು ಕಟ್ಟಿಸಿಕೊಟ್ಟರು. ಲೇತ್ ಮೇಲೆ ಮೂವತ್ತೈದು ವರ್ಷ ದುಡಿದವರಿಗೆ ಬೇರೆಯವರ ಅಳತೆ ಒಪ್ಪಿಗೆಯಾಗುತ್ತದೆಯೇ? "ಡಾಕ್ಟ್ರೇ, ಇದು ಎರಡು ಥೌ ಉದ್ದ ಇದೆ" ಎಂದರು. ಥೌ ಎಂದರೆ ಒಂದು ಇಂಚನ್ನು ಸಾವಿರ ಭಾಗ ಮಾಡಿ, ಅದರಲ್ಲಿ ಒಂದು! ಡಾಕ್ಟರು ಪಾಪ ಚಿಕ್ಕ ವಯಸ್ಸಿನವರು, "ಅಂಕಲ್, ಇದು ಬಾಯಿಗೆ, ವಿಮಾನಕ್ಕಲ್ಲ" ಎಂದರು. ಮಾವ ಮನೆಗೆ ಬಂದು ಮೈಕ್ರೋಮೀಟರ್ ಹಿಡಿದು ಅಳೆದು, ಮರಳು ಕಾಗದ ತೆಗೆದುಕೊಂಡು ತಾವೇ ಉಜ್ಜತೊಡಗಿದರು. ಇವತ್ತು ಎರಡು ಥೌ, ನಾಳೆ ಒಂದು ಥೌ. ಉಜ್ಜುವುದು, ಹಾಕಿಕೊಳ್ಳುವುದು, ಊದುವುದು. ಪುಸ್ಸ್! ಮತ್ತೆ ಉಜ್ಜುವುದು. ಕೊನೆಗೆ ಆ ಹಲ್ಲು ಅಕ್ಕಿ ಕಾಳಿನಷ್ಟಾಯಿತು. ಡಾಕ್ಟರು ಇನ್ನೊಂದು ಕಟ್ಟಿಸಿಕೊಟ್ಟು, ಮರಳು ಕಾಗದವನ್ನು ಅತ್ತೆಯ ಕೈಯಿಂದ ತರಿಸಿಕೊಂಡು ತಮ್ಮ ಮೇಜಿನೊಳಗೆ ಬೀಗ ಹಾಕಿಟ್ಟರು.

ಆಮೇಲೆ ಮಾವ ಊದುವುದನ್ನೇ ಬಿಟ್ಟರು. ಬಿಟ್ಟೆ ಎಂದು ಯಾರಿಗೂ ಹೇಳಲಿಲ್ಲ. ತಂಡದವರು ಫೋನ್ ಮಾಡಿದರೆ ನೆಗಡಿ ಎಂದರು. ಮುಂದಿನ ವಾರ ಬೆನ್ನು ನೋವು. ಅದರ ಮುಂದಿನ ವಾರ ಮತ್ತೆ ನೆಗಡಿ. ಟ್ರಂಪೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಮಂಚದ ಕೆಳಗೆ ತಳ್ಳಿದರು. ಇಡೀ ದಿನ ಟಿ.ವಿ. ಮುಂದೆ ಕೂರುತ್ತಿದ್ದರು, ಅದೂ ಶಬ್ದವಿಲ್ಲದೆ.

ಕೆಳಗಿನ ಕೋಣೆಯಲ್ಲಿ ಯಾದಗಿರಿ ಕಡೆಯಿಂದ ಬಂದ ಗೌಂಡಿ ಕೆಲಸದ ಭೀಮಣ್ಣನ ಸಂಸಾರ ಬಾಡಿಗೆಗಿತ್ತು. ಮಾವ ಊದುವಾಗೆಲ್ಲ ಆತ ಕೆಳಗಿಂದ ಕೋಲಿನಿಂದ ಸೂರಿಗೆ ಗುದ್ದುತ್ತಿದ್ದ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಭೀಮಣ್ಣ ಒಂದು ಸಂಜೆ ಮೆಟ್ಟಿಲು ಹತ್ತಿ ಬಂದ. ನಾನೂ ಅಲ್ಲೇ ಇದ್ದೆ.

"ಯಾಕ್ರೀ ಸಾಹೇಬ್ರ, ಆರಾಮ ಅದೀರಿಲ್ಲೋ? ತಿಂಗ್ಳಾತು, ನಿಮ್ಮ ಪೀಪಿ ಕೇಳ್ಸವಲ್ದು."

"ನಿಮಗೆ ನೆಮ್ಮದಿ ಆಯ್ತಲ್ಲ ಬಿಡಿ" ಎಂದರು ಮಾವ.

"ಎಲ್ಲಿ ನೆಮ್ದಿ ರೀ! ನಮ್ಮ ಕೂಸು ಸಂಜಿಕೆ ಹಟಾ ಮಾಡಿದ್ರ, 'ಸುಮ್ನಿರ್ತಿಯೋ ಪೀಪಿ ಅಜ್ಜನ್ನ ಕರೀಲೊ' ಅಂತಿದ್ವಿ, ಗಪ್ ಆಗ್ತಿತ್ತು. ಈಗ ಯಾರಿಗೂ ಅಂಜವಲ್ದು."

ಅತ್ತೆ, ನಾನು ಬಿದ್ದು ಬಿದ್ದು ನಕ್ಕೆವು. ಮಾವನೂ ನಗುತ್ತಾರೆಂದು ನೋಡಿದೆ. ಅವರು ಮಂಚದ ಕೆಳಗಿನ ಪೆಟ್ಟಿಗೆಯ ಕಡೆ ನೋಡುತ್ತಿದ್ದರು. ಆ ನೋಟ ಕಂಡು ನನ್ನ ನಗು ಅಲ್ಲೇ ನಿಂತಿತು. ಅದು ಇನ್ನು ತೆರೆಯುವುದಿಲ್ಲ ಎಂದು ತೀರ್ಮಾನ ಮಾಡಿಬಿಟ್ಟವರ ನೋಟವಾಗಿತ್ತು.

ಮುಂದಿನ ಭಾನುವಾರ ಬೆಳಗ್ಗೆ ತಂಡದ ಮೂವರೂ ಹೇಳದೆ ಕೇಳದೆ ಮಾವನ ಮನೆಗೆ ಬಂದರು. ಸಾಲಾಗಿ ಸೋಫಾ ಮೇಲೆ ಕುಳಿತರು. ಹೆಣ್ಣು ನೋಡಲು ಬಂದವರ ಹಾಗೆ ಗೋಡೆ, ಸೂರು ಎಲ್ಲ ನೋಡಿದರು. ಆಮೇಲೆ ರಿಯಾಜ್ ಗಂಟಲು ಸರಿಮಾಡಿಕೊಂಡ.

"ಉಸ್ತಾದ್, ಬೇಜಾರ್ ಮಾಡ್ಕೋಬೇಡಿ. ನಾವು ಮೂರೂ ಜನ ಡಿಸೈಡ್ ಮಾಡಿದೀವಿ. ಈ ಮಾಡರ್ನ್ ಸಾಕು. ಜನಕ್ಕೆ ಈಗ ಪುರಾನಾ ಮಾಲ್ ಬೇಕು."

"ಏನು?"

"ಹಳೇ ಸ್ಟೈಲು ಅಣ್ಣಾ" ಎಂದ ಸೆಲ್ವ. "ನಿಧಾನದ್ದು. ಹಿಂದೆ ಕಂಟೋನ್ಮೆಂಟ್‌ನಲ್ಲಿ ಡ್ಯಾನ್ಸ್‌ಗೆ ನುಡಿಸ್ತಿದ್ರಲ್ಲ, ಆ ಥರ. ನಂಗೂ ಕೈ ನೋವು. ಈ ಏಳೂವರೆ ಬಾರ್ಸಿ ಬಾರ್ಸಿ..." ಎಂದು ಕೈ ತೋರಿಸಿದ. ಎಡಗೈ ತೋರಿಸಿ, ನೆನಪಾದವನಂತೆ ಬಲಗೈ ತೋರಿಸಿದ.

ಮಾವ ಎದ್ದು ನಿಂತರು. ಒಂದು ತಿಂಗಳಿಂದ ಸೊಪ್ಪಿನ ಹಾಗೆ ಬಾಡಿದ್ದವರು, ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು!

"ಜನಕ್ಕೆ ಬೇಕು ಅಂತ ಸಂಗೀತ ಮಾಡ್ತೀರಾ? ಅಂಗಡಿ ಇಟ್ಟಿದೀರಾ ನೀವು?"

"ಹೌದು ಉಸ್ತಾದ್, ಅಂಗಡೀನೇ ಇಟ್ಟಿರೋದು" ಎಂದ ರಿಯಾಜ್.

"ಪ್ರಿಸಿಲ್ಲಾ, ನೀನೂನಾ? ನಿನ್ನ ಆ ಹೊಸ ಪೀಸು? ಎರಡು ವರ್ಷ ಕೂತು ಬರ್ದೆಯಲ್ಲ, ಅದು?"

ಪ್ರಿಸಿಲ್ಲಾ ನೆಲ ನೋಡುತ್ತ, "ಅದು ಇರ್ಲಿ ಬಿಡಿ ಅಂಕಲ್. ನಂಗೂ ಹಳೇದೇ ಇಷ್ಟ ಆಗ್ತಿದೆ ಈಗ" ಎಂದಳು.

ಆಮೇಲೆ ಎರಡು ಗಂಟೆ ಯುದ್ಧ! ಮಾವ ಆಧುನಿಕತೆಯ ಪರವಾಗಿ ಮಾಡಿದ ಭಾಷಣವನ್ನು ಯಾರಾದರೂ ಬರೆದುಕೊಂಡಿದ್ದರೆ ಕಾಲೇಜಿಗೆ ಪಠ್ಯವಾಗುತ್ತಿತ್ತು. ದ್ರೋಹಿಗಳು ಎಂದರು. ಮುಂದಕ್ಕೆ ಹೋಗುವ ಬಸ್ಸಿನಲ್ಲಿ ಹಿಂದಕ್ಕೆ ತಿರುಗಿ ಕೂತವರು ಎಂದರು. ಅತ್ತೆ ಮೂರು ಸಲ ಕಾಫಿ ಕೊಟ್ಟರು. ಕೊನೆಗೆ ಮಾವ ಸೋತವರಂತೆ ಕುಳಿತು, "ಮೂರು ಜನ ಒಂದ್ಕಡೆ ಆದ್ರೆ ನಾನೊಬ್ಬ ಏನ್ಮಾಡ್ಲಿ? ನುಡಿಸ್ತೀನಿ. ಆದ್ರೆ ನಾನು ವಿರೋಧಿಸ್ದೆ ಅಂತ ದಾಖಲೆ ಆಗ್ಬೇಕು" ಎಂದರು. ಕಾರ್ಖಾನೆಯ ಯೂನಿಯನ್ನಿನಲ್ಲಿದ್ದ ಅಭ್ಯಾಸ. ನಾನೇ ನೋಟುಬುಕ್ಕಿನಲ್ಲಿ ನಡಾವಳಿ ಬರೆದೆ: 'ತಂಡವು ಹಳೆಯ ಶೈಲಿಗೆ ಹಿಂದಿರುಗಲು ತೀರ್ಮಾನಿಸಿತು. ಟ್ರಂಪೆಟ್ ವಾದಕರು ತೀವ್ರವಾಗಿ ವಿರೋಧಿಸಿದರು.' ನಾಲ್ವರೂ ಸಹಿ ಹಾಕಿದರು. ಪೆಟ್ಟಿಗೆ ಮಂಚದ ಕೆಳಗಿಂದ ಹೊರಬಂತು.

ಆದರೆ ಹಳೆಯ ಶೈಲಿ ಎಂದರೆ ಏನು ಎಂಬುದು ನಾಲ್ವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲವಲ್ಲ! ಮುಂದಿನ ಭಾನುವಾರ ಕಾಕ್ಸ್ ಟೌನಿನಲ್ಲಿ ಹಾಳೆ ನೋಡಿಕೊಂಡು ನುಡಿಸಿದರು. ಅದು ಹಳೆಯ ಹಾಡಿನ ಹಾಗಿರಲಿಲ್ಲ, ಹಳೆಯ ಹಾಡಿನ ಅಂಚೆ ವಿಳಾಸದ ಹಾಗಿತ್ತು. ಆಗ ಒಳಗಿಂದ ಪ್ರಿಸಿಲ್ಲಾಳ ಅಜ್ಜಿ ವಾಕರ್ ತಳ್ಳಿಕೊಂಡು ಬಂದರು. ಎಂಬತ್ತೆಂಟು ವರ್ಷ. ಹರೆಯದಲ್ಲಿ ಕಂಟೋನ್ಮೆಂಟಿನ ಒಂದು ಡ್ಯಾನ್ಸ್ ಹಾಲನ್ನೂ ಬಿಟ್ಟವರಲ್ಲವಂತೆ.

"ವಾಟ್ ಮ್ಯಾನ್! ಏನ್ ಅವಸರ ನಿಂಗೆ? ಬಸ್ ಹಿಡೀಬೇಕಾ?" ಎಂದು ಮಾವನನ್ನು ಗದರಿದರು.

ಮಾವ ಸುತ್ತ ನೋಡಿದರು. ಗದರಿದ್ದು ತಮ್ಮನ್ನೇ ಎಂದು ಅವರಿಗೆ ನಂಬಿಕೆಯಾಗಲಿಲ್ಲ.

"ನಿನ್ನೇ ತಂಬಿ" ಎಂದರು ಅಜ್ಜಿ. ಅರವತ್ತಮೂರು ವರ್ಷದ ನಮ್ಮ ಮಾವ ತಂಬಿ! "ನೋಡು, ಈ ಜಾಗದಲ್ಲಿ ಹುಡುಗಿ ಒಂದು ಸುತ್ತು ತಿರುಗ್ತಾಳೆ. ಅವಳು ಹೀಲ್ಸ್ ಹಾಕಿದಾಳೆ. ತಿರುಗಿ ಬರೋವರೆಗೂ ನೀನು ಅವಳಿಗೆ ಕಾಯ್ಬೇಕು. ನಿನ್ನ ಪಾಡಿಗೆ ನೀನು ಹೋದ್ರೆ ಅವಳು ಬೀಳ್ತಾಳೆ."

"ಯಾವ ಹುಡುಗಿ ಅಮ್ಮ?"

"ನಾನು ಕಣೋ!"

ಹಾಗೆಂದು ಅಜ್ಜಿ ವಾಕರ್ ಹಿಡಿದುಕೊಂಡೇ ನಿಧಾನವಾಗಿ ಒಂದು ಸುತ್ತು ತಿರುಗಿದರು. ಮಾವ ಅವರ ಕಾಲನ್ನೇ ನೋಡುತ್ತ, ಒಂದೇ ಸ್ವರವನ್ನು ಹಿಡಿದು ನಿಂತರು. ವಾಕರಿನ ನಾಲ್ಕು ಕಾಲು, ಅಜ್ಜಿಯ ಎರಡು ಕಾಲು, ಆರೂ ಬಂದು ಸೇರುವವರೆಗೆ ಹಿಡಿದರು. ಆಮೇಲೆ ಮುಂದಿನ ಸ್ವರಕ್ಕೆ ಹೋದರು. ಕೋಣೆಯಲ್ಲಿದ್ದ ನಮಗೆಲ್ಲ ಮೈ ಜುಮ್ಮೆಂದಿತು. ಆ ಸಂಜೆ ಮನೆಗೆ ಹೋಗುವಾಗ ಮಾವ, "ಇಷ್ಟು ವರ್ಷ ಊದಿದೀನಿ. ಆ ಕಡೆ ಯಾರೋ ತಿರುಗ್ತಿರ್ತಾರೆ ಅಂತ ನಂಗೆ ಹೊಳ್ದೇ ಇರ್ಲಿಲ್ಲ ಕಣೇ" ಎಂದರು.

ಮುಂದಿನ ಎರಡು ತಿಂಗಳು ಅಜ್ಜಿಯೇ ಗುರು. ಮಾವ ಪ್ರತಿ ಭಾನುವಾರ ಮೊದಲ ಹತ್ತು ನಿಮಿಷ ಮೂವರನ್ನೂ ಬೈಯುತ್ತಿದ್ದರು, ನಿಮ್ಮಿಂದಾಗಿ ನಾನು ಇಪ್ಪತ್ತೊಂದನೇ ಶತಮಾನದಿಂದ ಇಳಿದುಬಿಟ್ಟೆ ಎಂದು. ಮೂವರೂ "ಸಾರಿ ಅಣ್ಣಾ", "ಸಾರಿ ಉಸ್ತಾದ್", "ಸಾರಿ ಅಂಕಲ್" ಎನ್ನುತ್ತಿದ್ದರು. ಆಮೇಲೆ ಮಾವ ಊದುತ್ತಿದ್ದರು. ಎಲ್ಲ ಕೆಳಗಿನ ಸ್ವರಗಳು. ದಪ್ಪಗೆ, ಬೆಚ್ಚಗೆ, ಚಳಿಗಾಲದ ಬೆಳಗಿನ ಬಿಸಿಲಿನ ಹಾಗೆ. ಈ ಮನುಷ್ಯನೊಳಗೆ ಇಂಥ ನಾದ ಇತ್ತೇ, ಇಷ್ಟು ದಿನ ಎಲ್ಲಿಟ್ಟಿದ್ದರು ಎಂದು ನನಗೆ ಆಶ್ಚರ್ಯ.

ಅಜ್ಜಿಯ ಎಂಬತ್ತೊಂಬತ್ತನೆಯ ಹುಟ್ಟುಹಬ್ಬಕ್ಕೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಮಧ್ಯಾಹ್ನ ಕಾರ್ಯಕ್ರಮ. ಕಾಕ್ಸ್ ಟೌನ್, ಫ್ರೇಜರ್ ಟೌನಿನ ಹಿರಿಯರೆಲ್ಲ ಬಂದಿದ್ದರು. ಕೋಟು, ಹೂವಿನ ಫ್ರಾಕು, ರೇಷ್ಮೆ ಸೀರೆ, ಊರುಗೋಲು. ಅತ್ತೆಯೂ ಬಂದಿದ್ದರು, ಮದುವೆಗೆ ಉಡುವ ಸೀರೆ ಉಟ್ಟುಕೊಂಡು. ಮೊದಲ ಹಾಡಿಗೇ ಊರುಗೋಲುಗಳೆಲ್ಲ ಗೋಡೆಗೆ ಒರಗಿದವು, ಜನ ಎದ್ದು ಕುಣಿಯತೊಡಗಿದರು! ಮಾವನಿಗೆ ಅದು ಮೊದಲ ಅನುಭವ. ಅವರ ಸಂಗೀತ ಕೇಳಿ ಜನ ಏಳುವುದನ್ನು ನೋಡಿದ್ದರು, ಎದ್ದವರು ಬಾಗಿಲ ಕಡೆ ಹೋಗದೇ ಇದ್ದದ್ದನ್ನು ನೋಡಿರಲಿಲ್ಲ.

ನಾಲ್ಕನೆಯ ಹಾಡು, ನಿಧಾನದ್ದು. ಅಜ್ಜಿ ತಿರುಗುವ ಆ ಜಾಗ ಬಂತು. ಮಾವ ಸ್ವರ ಹಿಡಿದರು. ಒಮ್ಮೆಲೇ ಪುಸ್ಸ್ ಎಂದಿತು. ಟ್ರಂಪೆಟ್ ನಿಂತೇಹೋಯಿತು. ಕಟ್ಟಿಸಿದ ಹಲ್ಲು ಕಳಚಿಕೊಂಡಿತ್ತು! ಮಾವ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದರು. ನನ್ನ ಪಕ್ಕದಲ್ಲಿ ಅತ್ತೆ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಕುಣಿಯುತ್ತಿದ್ದವರೆಲ್ಲ ಹೆಜ್ಜೆ ಎತ್ತಿದಲ್ಲೇ ನಿಂತರು.

ಅರೆ ಕ್ಷಣ, ಅಷ್ಟೇ. ಆ ನಿಂತ ಸ್ವರವನ್ನೇ ಪ್ರಿಸಿಲ್ಲಾ ಪಿಯಾನೊದಲ್ಲಿ ಎತ್ತಿಕೊಂಡಳು. ರಿಯಾಜ್ ಅವಳ ಕಡೆ ನೋಡದೆಯೇ ಕೆಳಗಿಂದ ಹೊತ್ತ. ಸೆಲ್ವ ಕೋಲು ಬಿಟ್ಟು, ಬ್ರಷ್ ತೆಗೆದುಕೊಂಡು ಮಗುವಿನ ಬೆನ್ನು ಸವರಿದ ಹಾಗೆ ಡ್ರಮ್ ಸವರಿದ. ಮಾವನ ಒಂದೊಂದು ಸ್ವರವನ್ನೂ ಅವರು ಮೂವರು ಬಾಯಿಪಾಠ ಮಾಡಿಕೊಂಡಿದ್ದರು. ಮಾವ ಹಲ್ಲು ಸರಿಮಾಡಿಕೊಂಡು ಇತ್ತ ತಿರುಗುವವರೆಗೆ ಆ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತ ಕಾದರು. ಮಾವ ಟ್ರಂಪೆಟ್ ಎತ್ತಿ ಬಂದು ಸೇರಿಕೊಂಡಾಗ ಸಭಾಂಗಣ ಚಪ್ಪಾಳೆಯಿಂದ ಅದುರಿತು. ಯಾಕೆ ಅದುರದೆ? ಅಲ್ಲಿದ್ದವರಲ್ಲಿ ಪೂರ್ತಿ ಸ್ವಂತ ಹಲ್ಲಿನವರು ನಾವು ನಾಲ್ಕೈದು ಜನ!

ಎಲ್ಲ ಮುಗಿದು ನಾನೂ ಪ್ರಿಸಿಲ್ಲಾಳೂ ಹಿಂದಿನ ನಲ್ಲಿಯ ಹತ್ತಿರ ಕಪ್ಪು ತೊಳೆಯುತ್ತಿದ್ದೆವು.

"ಒಳ್ಳೇದೇ ಆಯ್ತು ನೋಡು, ನೀವು ಹಳೇ ಸ್ಟೈಲೇ ಬೇಕು ಅಂತ ಹಟ ಹಿಡಿದದ್ದು" ಎಂದೆ.

ಅವಳು ನನ್ನನ್ನು ನೋಡಿದಳು. "ಅಕ್ಕಾ, ನಿಮಗೂ ಗೊತ್ತಾಗ್ಲಿಲ್ವಾ? ನಮಗ್ಯಾರಿಗೆ ಬೇಕಾಗಿತ್ತು ಹಳೇದು? ಅಂಕಲ್‌ಗೆ ಮೇಲಿನ ನೋಟ್ಸ್ ಹೋಯ್ತು. ಅವರಾಗಿ ಹೇಳಲ್ಲ. ಅದಕ್ಕೆ ಶಿವಾಜಿನಗರದಲ್ಲಿ ಚಾ ಅಂಗಡೀಲಿ ಕೂತು, ಯಾರು ಏನ್ ಹೇಳ್ಬೇಕು ಅಂತ ಮೂರು ದಿನ ಪ್ರಾಕ್ಟೀಸ್ ಮಾಡಿದ್ವಿ. ಆದ್ರೂ ಆ ಸೆಲ್ವಣ್ಣ ಕೈ ತಪ್ಪಾಗಿ ತೋರಿಸ್ಬಿಟ್ರು."

ಆಮೇಲೆ ಇನ್ನೊಂದು ವಿಷಯ ಹೇಳಿದಳು. ಅದೇ ದಿನಗಳಲ್ಲಿ ಬೇರೆ ಊರಿನ ಒಂದು ದೊಡ್ಡ ಜಾಝ್ ಉತ್ಸವದಿಂದ ತಂಡಕ್ಕೆ ಕರೆ ಬಂದಿತ್ತಂತೆ. ಅವಳು ಎರಡು ವರ್ಷ ಕುಳಿತು ಬರೆದ ಆ ಹೊಸ ಪೀಸನ್ನೇ ನುಡಿಸಬೇಕೆಂದು. ಅದರಲ್ಲಿ ಟ್ರಂಪೆಟ್ಟಿನದೇ ದೊಡ್ಡ ಭಾಗ, ಎಲ್ಲ ಮೇಲಿನ ಸ್ವರಗಳು. ನಮ್ಮ ಟ್ರಂಪೆಟ್ಟಿನವರಿಗೆ ಈಗ ಆಗುವುದಿಲ್ಲ ಎಂದು ತಿಳಿಸಿದರೆ, ಬೇರೆ ಯಾರನ್ನಾದರೂ ಕರೆದುಕೊಂಡು ಬನ್ನಿ ಎಂದರಂತೆ. ಇವಳು, ನಾವು ಈಗ ಆ ಥರದ್ದು ನುಡಿಸುವುದಿಲ್ಲ ಎಂದು ಉತ್ತರ ಬರೆದುಬಿಟ್ಟಳು.

"ಬೇಜಾರಾಗ್ಲಿಲ್ವಾ?"

"ಆಯ್ತು. ಎರಡು ದಿನ ಅಳ್ತಾ ಇದ್ದೆ." ಕಪ್ಪುಗಳನ್ನು ಬೋರಲು ಹಾಕಿದಳು. "ಆದ್ರೆ ಅಂಕಲ್ ಮನೇಲಿ ಕೂತಿರುವಾಗ ಅವರ ಜಾಗದಲ್ಲಿ ಇನ್ನೊಬ್ಬರನ್ನ ನಿಲ್ಲಿಸಿ ಹೇಗಕ್ಕ ನುಡಿಸೋದು? ಅವರಿಗೆ ಮಾತ್ರ ಇದನ್ನ ಹೇಳ್ಬೇಡಿ."

ಹಲಸೂರಿನಿಂದ ಮೆಟ್ರೊ ಹತ್ತಿದೆವು. ಅತ್ತೆಗೆ ಸೀಟು ಸಿಕ್ಕಿತು. ಮಾವನೂ ನಾನೂ ಬಾಗಿಲ ಹತ್ತಿರ ನಿಂತೆವು. ಇಂದಿರಾನಗರ ಬರುವವರೆಗೆ ನಾನು ತುಟಿ ಕಚ್ಚಿಕೊಂಡೆ. ಆಮೇಲೆ ತಡೆಯಲಾಗಲಿಲ್ಲ.

"ಮಾವ, ಒಂದು ವಿಷಯ..."

"ಬೇಡ" ಎಂದರು ಮಾವ. ಕಿಟಕಿಯಾಚೆ ನೋಡುತ್ತಿದ್ದರು. "ಆ ಉತ್ಸವದ ಪತ್ರ ತಂಡದ ಈಮೇಲಿಗೆ ಬಂದಿತ್ತು. ಅದನ್ನ ನಾನೂ ನೋಡ್ತೀನಿ ಅನ್ನೋದು ಆ ಹುಡುಗಿಗೆ ಮರ್ತೇಹೋಗಿದೆ. ಅವಳು ಬರೆದ ಉತ್ತರಾನೂ ಓದ್ದೆ."

"ಯಾವಾಗ?"

"ಅವರು ಮನೆಗೆ ಬರೋ ಹಿಂದಿನ ದಿನ."

ಅಂದರೆ ಆ ಎರಡು ಗಂಟೆಯ ಭಾಷಣ! ಬಿದ್ದ ಕುರ್ಚಿ! ದಾಖಲೆ, ಸಹಿ!

"ಅಷ್ಟು ಕಷ್ಟಪಟ್ಟು ಸುಳ್ಳು ಕಟ್ಟಿಕೊಂಡು ಬಂದಿದ್ರು ಕಣೇ" ಎಂದರು ಮಾವ. "ತಕ್ಷಣ ಒಪ್ಕೊಂಡ್ರೆ ಅವರಿಗೆ ಅನುಮಾನ ಬರ್ತಿತ್ತು. ಅದಕ್ಕೇ ಪ್ರತಿ ವಾರ ಬೈತೀನಿ. ಬೈತಾ ಇರೋವರೆಗೂ ನಂಗೆ ಗೊತ್ತಿಲ್ಲ ಅಂತ ಅವರು ನೆಮ್ಮದಿಯಾಗಿರ್ತಾರೆ." ಕಾಲ ಬಳಿಯಿದ್ದ ಟ್ರಂಪೆಟ್ ಪೆಟ್ಟಿಗೆ ಎತ್ತಿಕೊಂಡು, "ಆದ್ರೆ ಆ ಹುಡುಗಿ ಪೀಸು ಪೆಟ್ಟಿಗೇಲಿ ಕೊಳೀಬಾರ್ದು" ಎಂದರು. ಅಷ್ಟರಲ್ಲಿ ಬೈಯಪ್ಪನಹಳ್ಳಿ ಬಂತು. ಅತ್ತೆಯ ಕೈಹಿಡಿದು ಇಳಿದುಹೋದರು.

ಮುಂದಿನ ಭಾನುವಾರ ಮಾವ ಎಂದಿನಂತೆ ಬೈಗುಳ ಶುರುಮಾಡಿದರು. ಆ ದಿನ ಅದು ಸ್ವಲ್ಪ ಉದ್ದವಾಗಿತ್ತು. "ನಿಮ್ಮ ಹಳೇ ಸಂಗೀತ ಊದಿ ಊದಿ ನನ್ನ ಕಿವಿ ತುಕ್ಕು ಹಿಡೀತಿದೆ. ಇವತ್ತಿಂದ ತಿಂಗಳಿಗೊಂದು ಭಾನುವಾರ ನಾನು ಊದಲ್ಲ. ಕೂತು ಕೇಳ್ತೀನಿ. ನೀವು ಮೂರು ಜನ ಪ್ರಿಸಿಲ್ಲಾ ಪೀಸು ನುಡಿಸ್ಬೇಕು. ಟ್ರಂಪೆಟ್ ಭಾಗ ಪಿಯಾನೊಗೆ ಹೊಂದಿಸಿ ಬರ್ದಿದೀನಿ, ತಗೋ" ಎಂದು ಹಾಳೆಗಳನ್ನು ಚಾಚಿದರು. "ಚೆನ್ನಾಗಿ ಬಂದ್ರೆ ಮುಂದಿನ ವರ್ಷ ಆ ಥರದ ಉತ್ಸವ ಗಿತ್ಸವ ಎಲ್ಲಾದ್ರೂ ಇದ್ರೆ ನೀವೇ ಹೋಗಿ ಬನ್ನಿ. ನಂಗೆ ಪ್ರಯಾಣ ಆಗಲ್ಲ, ಬೆನ್ನು ನೋವು."

ಪ್ರಿಸಿಲ್ಲಾ ಹಾಳೆ ತೆಗೆದುಕೊಂಡಳು. ಲೇತ್ ಕೆಲಸದವರ ಅಚ್ಚುಕಟ್ಟು ಅಕ್ಷರ, ಒಂದು ಹೊಡೆದು ಹಾಕಿದ ಗುರುತಿಲ್ಲ. ಎಷ್ಟು ದಿನ ಕುಳಿತು ಬರೆದಿದ್ದರೋ! ಅವಳು ಏನೋ ಹೇಳಲು ಬಾಯಿ ತೆರೆದಳು. ಮಾವ, "ಮಾತು ಸಾಕು, ನುಡ್ಸು" ಎಂದು ಗದರಿ, ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತರು.

ಮೂವರೂ ನುಡಿಸಿದರು. ನಾನು ಹಾಳೆ ತಿರುಗಿಸಲು ಪಿಯಾನೊ ಪಕ್ಕ ನಿಂತಿದ್ದೆ. ನಡುವೆ ಒಮ್ಮೆ ಮೂಲೆಯ ಕಡೆ ನೋಡಿದೆ. ಮಾವನ ಬಲಗೈ ತೊಡೆಯ ಮೇಲಿತ್ತು. ಟ್ರಂಪೆಟ್ಟಿನ ಭಾಗ ಬಂದಾಗಲೆಲ್ಲ ಅವರ ಮೂರು ಬೆರಳುಗಳು ಪಂಚೆಯ ಮೇಲೆ, ಟ್ರಂಪೆಟ್ಟಿನ ಮೂರು ಗುಂಡಿಗಳನ್ನು ಒತ್ತುವ ಹಾಗೆ, ಒಂದು ಸ್ವರವನ್ನೂ ತಪ್ಪಿಸದೆ, ಮೆಲ್ಲಗೆ ಒತ್ತಿ ಏಳುತ್ತಿದ್ದವು. ತುಟಿ ಬಿಗಿದಿತ್ತು. ಮೇಲಿನ ಸ್ವರ ಬಂದಾಗ ಗಲ್ಲ ಸ್ವಲ್ಪ ಮೇಲಕ್ಕೆದ್ದಿತು. ಅದು ಅವರಿಗೆ ಸಿಕ್ಕಿತು ಎಂದು ಮುಖದಲ್ಲೇ ಕಂಡಿತು.

ನಾನು ಹಾಳೆ ತಿರುಗಿಸುವುದು ತಡವಾಯಿತು. ಪ್ರಿಸಿಲ್ಲಾ ನನ್ನನ್ನು ಬೈಯಲಿಲ್ಲ. ಅವಳೂ ಅಲ್ಲೇ ನೋಡುತ್ತಿದ್ದಳು.